ತಿದ್ದಿದ ಚಿತ್ರಗಳೂ ಮೂಲಪ್ರತಿಯ ಪ್ರಶ್ನೆಯೂ

ಕಾರವಾರದ ಕಡಲತೀರಕ್ಕೆ ಇಂದು ರವೀಂದ್ರನಾಥ ಠಾಕೂರರ ಹೆಸರಿದೆ. ಅವರು ಇಪ್ಪತ್ತೆರಡರ ತರುಣರಾಗಿದ್ದಾಗ, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಬಳಿ ಬಂದು ಕೆಲಕಾಲ ನೆಲೆಸಿ, ಕಾಳಿ ನದಿಯಲ್ಲಿ ದೋಣಿಯೇರಿ ಮೇಲಕ್ಕೆ ಹೋಗಿ ಬೆಳದಿಂಗಳ ಇರುಳಿನಲ್ಲಿ ಮರಳಿದುದನ್ನೂ, ಈ ತೀರದಲ್ಲಿಯೇ ‘ಪ್ರಕೃತಿರ ಪ್ರತಿಶೋಧ’ ಎಂಬ ಬಂಗಾಳಿ ನಾಟಕವನ್ನು ರಚಿಸಿದುದನ್ನೂ ತಮ್ಮ ಜೀವನಸ್ಮೃತಿಯಲ್ಲಿ ಪ್ರೀತಿಯಿಂದ ಸ್ಮರಿಸಿಕೊಂಡಿದ್ದಾರೆ. ತಮ್ಮ ಮುಂದಿನ ಸಮಸ್ತ ಸಾಹಿತ್ಯಕ್ಕೂ ಆ ನಾಟಕವೇ ಪೀಠಿಕೆಯೆಂಬ ಅರ್ಥದ ಮಾತನ್ನೂ ಅಲ್ಲಿ ಆಡಿದ್ದಾರೆ. 1884ರಲ್ಲಿ ಪ್ರಕಟವಾದ ಆ ನಾಟಕವನ್ನು ಮೂರು ದಶಕಗಳ ತರುವಾಯ ಅವರೇ ಇಂಗ್ಲಿಷಿಗೆ ತಂದರು. ಹಾಗೆ ತರುವಾಗ ಬಹಳಷ್ಟನ್ನು ಬಿಟ್ಟರು, ಸಂಕ್ಷೇಪಿಸಿದರು, ‘ಸನ್ಯಾಸಿ’ ಎಂಬ ಬೇರೆಯ ಹೆಸರನ್ನೇ ಕೊಟ್ಟರು; 1917ರ ಇಂಗ್ಲಿಷ್ ನಾಟಕಸಂಪುಟದಲ್ಲಿ ಅದು ಅಚ್ಚಾಯಿತು. ಎರಡನ್ನೂ ಇದಿರಿಟ್ಟುಕೊಂಡು ಓದಬಲ್ಲವರಿಗೆ ಹಿರಿಯ ಕವಿ ತನ್ನ ತಾರುಣ್ಯದ ಕೃತಿಯನ್ನು ಎಷ್ಟು ನಿಷ್ಠುರವಾಗಿ ಕತ್ತರಿಸಿದನೆಂಬುದು ತಿಳಿಯುತ್ತದೆ. ಕೆಲವರಿಗೆ ಆ ಕತ್ತರಿಸುವಿಕೆ ಹಿಡಿಸದೆ ಇರಬಹುದು. ಆದರೆ ಕಾರವಾರದಲ್ಲಿ ಬರೆದ ಆ ಮೂಲ ನಾಟಕ ಬಂಗಾಳಿಯಲ್ಲಿ ಯಥಾವತ್ತಾಗಿ ಉಳಿದಿರುವುದರಿಂದ, ಬೇಕಾದವರು ಅದನ್ನು ಇಂದಿಗೂ ಓದಬಹುದು.

ಗ್ರಂಥದ ವಿಷಯದಲ್ಲಿ ಹೀಗೆ ಸುಲಭವಾಗಿ ಇತ್ಯರ್ಥವಾಗುವ ಈ ಸಂಗತಿ ಚಲನಚಿತ್ರದ ವಿಷಯದಲ್ಲಿ ಕಳೆದ ಮೂರು ದಶಕಗಳಿಂದ ಲೋಕದ ಉದ್ದಗಲಕ್ಕೂ ರಸಿಕರನ್ನು ಎರಡು ಪಂಗಡಗಳನ್ನಾಗಿ ಒಡೆದಿದೆ. ಜನರು ಮನಸಾರೆ ಪ್ರೀತಿಸಿದ ಚಿತ್ರವೊಂದನ್ನು ವರ್ಷಗಳ ಬಳಿಕ ಅದರ ನಿರ್ದೇಶಕನೋ ನಿರ್ಮಾಪಕನೋ ತಿದ್ದಿದರೆ, ಬಣ್ಣ ಹಚ್ಚಿದರೆ, ಹೊಸ ದೃಶ್ಯಗಳನ್ನು ಸೇರಿಸಿದರೆ, ಅದನ್ನು ಸ್ವಾಗತಿಸಬೇಕೆ, ಪ್ರತಿಭಟಿಸಬೇಕೆ? ತಿದ್ದುವ ಹಕ್ಕಿರುವವನಿಗೆ ತಿದ್ದದ ಪ್ರತಿಯನ್ನು ಲೋಕದ ಕಣ್ಣಿನಿಂದ ಮರೆಮಾಡುವ ಹಕ್ಕೂ ಇದೆಯೆ? ನಮ್ಮ ನಾಡಿನಲ್ಲಿಯೂ ‘ಸತ್ಯ ಹರಿಶ್ಚಂದ್ರ’ ಮತ್ತು ‘ಕಸ್ತೂರಿ ನಿವಾಸ’ಗಳು ವರ್ಣಮಯವಾಗಿ ಮರಳಿ ತೆರೆಗೆ ಬಂದಾಗ ಇದೇ ಪ್ರಶ್ನೆ ಎದ್ದಿತು. ಆದಕಾರಣ ಈ ವಿವಾದದ ಮೂಲಸ್ಥಾನವಾದ ವೈಜ್ಞಾನಿಕ ಕಥಾಚಿತ್ರದಿಂದ ತೊಡಗಿ ನಮ್ಮ ಮನೆಯ ಬಾಗಿಲವರೆಗೆ ಬರುವುದು ಉಚಿತವೆಂದು ತೋರುತ್ತದೆ.

ಜಾರ್ಜ್ ಲ್ಯೂಕಾಸ್ ನಿರ್ದೇಶಿಸಿದ ‘ಸ್ಟಾರ್ ವಾರ್ಸ್’ ಅಮೆರಿಕದಲ್ಲಿ 1977ರ ಮೇ 25ರಂದು ತೆರೆಕಂಡಿತು. ದೂರದ ಒಂದು ತಾರಾಮಂಡಲದಲ್ಲಿ ಕ್ರೂರ ಸಾಮ್ರಾಜ್ಯವೊಂದರ ವಿರುದ್ಧ ಬಂಡೆದ್ದವರ ಕಥೆ ಅದು: ಹೊಲಗೆಲಸದ ಹುಡುಗನೊಬ್ಬ, ಸೆರೆಯಾದ ರಾಜಕುಮಾರಿ, ವೃದ್ಧ ಗುರು, ದುಡ್ಡಿಗಾಗಿ ಯಾರ ಸರಕನ್ನಾದರೂ ಸಾಗಿಸುವ ಕಳ್ಳಸಾಗಣೆಗಾರ ಹ್ಯಾನ್ ಸೋಲೊ, ಕಪ್ಪು ಕವಚದ ಖಳನಾಯಕ ಡಾರ್ತ್ ವೇಡರ್. ಪುರಾಣಕಥೆಗಳನ್ನು ಕೇಳಿ ಬೆಳೆದ ನಮ್ಮ ಜನಕ್ಕೆ ಇದರ ಬಂಧ ಅಪರಿಚಿತವೆನಿಸದು. ಅಂದು ಗಣಕಯಂತ್ರದಿಂದ ಚಿತ್ರಗಳನ್ನು ಸೃಷ್ಟಿಸುವ ವಿದ್ಯೆ ಶೈಶವದಲ್ಲಿತ್ತಾದ್ದರಿಂದ, ಆಕಾಶನೌಕೆಗಳೆಲ್ಲ ಕೈಯಿಂದ ಜೋಡಿಸಿದ ಪುಟ್ಟ ಮಾದರಿಗಳೇ ಆಗಿದ್ದವು. ಒಂದೊಂದು ಮಾದರಿಯನ್ನೂ ಬೇರೆಬೇರೆಯಾಗಿ ಚಿತ್ರಿಸಿ, ಆ ಪದರಗಳನ್ನು ಒಂದರ ಮೇಲೊಂದು ಮುದ್ರಿಸಿ ಆಕಾಶಯುದ್ಧಗಳನ್ನು ರೂಪಿಸಿದರು. ಈ ಕೆಲಸಕ್ಕಾಗಿ ಕುಶಲಕರ್ಮಿಗಳ ತಂಡವೊಂದಕ್ಕೆ 1978ರಲ್ಲಿ ಆಸ್ಕರ್ ಪ್ರಶಸ್ತಿ ಬಂದಿತು. ಸಂಕಲನಕಾರರಾದ ಪಾಲ್ ಹರ್ಷ್, ಮಾರ್ಸಿಯಾ ಲ್ಯೂಕಾಸ್ ಮತ್ತು ರಿಚರ್ಡ್ ಚ್ಯೂ ಅವರಿಗೂ ಬಂದಿತು. ಚಲನಚಿತ್ರ ಒಬ್ಬನ ಕೃತಿಯಲ್ಲವೆಂಬ ಸತ್ಯಕ್ಕೆ ಈ ಹೆಸರುಗಳು ಸಾಕ್ಷಿ. ಓದುಗರು ಈ ಅಂಶವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಲ್ಯೂಕಾಸರಿಗೆ ಮಾತ್ರ ತಮ್ಮ ಚಿತ್ರ ತೃಪ್ತಿ ಕೊಡಲಿಲ್ಲ. ಹಣ, ಕಾಲ, ಉಪಕರಣ, ಎಲ್ಲದರ ಅಭಾವದಿಂದ ತಾವು ಕಲ್ಪಿಸಿದ್ದರಲ್ಲಿ ಒಂದಂಶವಷ್ಟೇ ತೆರೆಯ ಮೇಲೆ ಬಂದಿತೆಂಬ ಕೊರಗು ಅವರನ್ನು ಬಿಡಲಿಲ್ಲ. 1981ರ ಮರುಬಿಡುಗಡೆಯಲ್ಲಿಯೇ ಆರಂಭದ ಬರಹಕ್ಕೆ ‘ನಾಲ್ಕನೆಯ ಅಧ್ಯಾಯ’ವೆಂಬ ಶೀರ್ಷಿಕೆ ಸೇರಿತು. 1997ರಲ್ಲಿ, ಚಿತ್ರಕ್ಕೆ ಇಪ್ಪತ್ತು ತುಂಬಿದ ನೆಪದಲ್ಲಿ, ‘ವಿಶೇಷ ಆವೃತ್ತಿ’ಯೆಂಬ ಹೆಸರಿನಲ್ಲಿ ಅದು ಪುನಃ ಚಿತ್ರಮಂದಿರಗಳಿಗೆ ಬಂದಾಗ, ಹಳೆಯ ಮಾದರಿಗಳ ಹಲವು ದೃಶ್ಯಗಳ ಸ್ಥಾನದಲ್ಲಿ ಗಣಕಯಂತ್ರದ ಹೊಸ ದೃಶ್ಯಗಳು ಕುಳಿತಿದ್ದವು, ಮರುಭೂಮಿಯ ಪಟ್ಟಣದ ಬೀದಿಗಳಲ್ಲಿ ಹೊಸ ಪ್ರಾಣಿಗಳು ಸಂಚರಿಸುತ್ತಿದ್ದವು, 1977ರಲ್ಲಿ ಕೈಬಿಟ್ಟಿದ್ದ ಜಬ್ಬಾ ಎಂಬ ದೈತ್ಯ ವರ್ತಕನ ದೃಶ್ಯ ಗಣಕಯಂತ್ರದ ಕೃಪೆಯಿಂದ ಒಳಸೇರಿತ್ತು. ಇಷ್ಟಾಗಿದ್ದರೆ ಜನ ಸಹಿಸುತ್ತಿದ್ದರೋ ಏನೋ. ಆದರೆ ಪಾನಗೃಹದ ಒಂದು ಕ್ಷಣವೂ ಬದಲಾಗಿತ್ತು. ಹ್ಯಾನ್ ಸೋಲೊನನ್ನು ಹಿಡಿದೊಯ್ಯಲು ಬಂದ ಗ್ರೀಡೊ ಎಂಬವನು ಮೇಜಿನ ಆಚೆಗೆ ಕುಳಿತು ಅವನತ್ತ ಆಯುಧ ಹಿಡಿದಿರುತ್ತಾನೆ. 1977ರ ಚಿತ್ರದಲ್ಲಿ ಸೋಲೊ ಮಾತಾಡುತ್ತಲೇ ಮೇಜಿನ ಕೆಳಗಿನಿಂದ ಗುಂಡು ಹಾರಿಸಿ ಅವನನ್ನು ಕೊಂದು, ಏನೂ ಆಗಿಲ್ಲವೆಂಬಂತೆ ಎದ್ದು ಹೋಗುತ್ತಾನೆ. 1997ರ ಚಿತ್ರದಲ್ಲಿ ಗ್ರೀಡೊ ಮೊದಲು ಗುಂಡು ಹಾರಿಸುತ್ತಾನೆ, ಕೈಯಳತೆಯಲ್ಲಿದ್ದರೂ ಗುರಿ ತಪ್ಪುತ್ತಾನೆ, ಆಮೇಲೆ ಸೋಲೊ ಹಾರಿಸುತ್ತಾನೆ.

ಒಂದೆರಡು ಸೆಕೆಂಡುಗಳ ಈ ಬದಲಾವಣೆಗೆ ಇಷ್ಟೊಂದು ಗದ್ದಲವೇಕೆಂದು ಚಿತ್ರವನ್ನು ನೋಡದವರು ಕೇಳಿಯಾರು. ಗದ್ದಲಕ್ಕೆ ಸಕಾರಣವಿದೆ. ಸೋಲೊ ಸ್ವಾರ್ಥಿ, ತನ್ನ ಜೀವಕ್ಕಾಗಿ ಇನ್ನೊಬ್ಬರ ಜೀವ ತೆಗೆಯಲು ಹಿಂಜರಿಯದವನು ಎಂದು ಪ್ರೇಕ್ಷಕನಿಗೆ ಮನವರಿಕೆಯಾಗುವುದು ಆ ಕ್ಷಣದಲ್ಲಿ. ಅಂಥವನು ಕೊನೆಯ ಯುದ್ಧದಲ್ಲಿ, ಹಣ ಕೈಸೇರಿದ ಮೇಲೆಯೂ, ಗೆಳೆಯನನ್ನು ಕಾಪಾಡಲು ಹಿಂತಿರುಗಿ ಬಂದನೆಂಬುದರಲ್ಲಿಯೇ ಆ ಪಾತ್ರದ ಔನ್ನತ್ಯವಿದೆ. ಆರಂಭದಲ್ಲಿಯೇ ಅವನನ್ನು ನಿರ್ದೋಷಿಯನ್ನಾಗಿ ಮಾಡಿದರೆ ಆ ಮರಳಿ ಬರುವಿಕೆಯ ತೂಕ ತಗ್ಗುತ್ತದೆ. 2004ರ ಆವೃತ್ತಿಯಲ್ಲಿ ಇಬ್ಬರ ಗುಂಡುಗಳೂ ಹೆಚ್ಚುಕಡಿಮೆ ಏಕಕಾಲಕ್ಕೆ ಹಾರುತ್ತವೆ; 2019ರಲ್ಲಿ ಗ್ರೀಡೊನ ಬಾಯಿಗೆ ಹೊಸದೊಂದು ಮಾತನ್ನೂ ಹಾಕಲಾಯಿತು. ಈ ಸರಣಿಯ 1983ರ ಮೂರನೆಯ ಚಿತ್ರದ ಕೊನೆಯಲ್ಲಿ ಆತ್ಮರೂಪವಾಗಿ ಕಾಣಿಸಿಕೊಂಡಿದ್ದ ಸೆಬಾಸ್ಟಿಯನ್ ಶಾ ಎಂಬ ಹಿರಿಯ ನಟನ ಸ್ಥಾನದಲ್ಲಿ 2004ರಿಂದೀಚೆಗೆ ಬೇರೆಯ ತರುಣ ನಟನಿದ್ದಾನೆ. ಆ ಹೊತ್ತಿಗೆ ಶಾ ತೀರಿಕೊಂಡು ಹತ್ತು ವರ್ಷಗಳಾಗಿದ್ದವು. ಅಗಲಿದ ನಟನೊಬ್ಬನ ಮುಖವನ್ನು ಅವನ ಚಿತ್ರದಿಂದಲೇ ಹೀಗೆ ತೆಗೆದದ್ದು, ಗುಂಡಿನ ಪ್ರಶ್ನೆಗಿಂತ ಗಂಭೀರವಾದ ಅನ್ಯಾಯವೆಂದು ನನಗನಿಸುತ್ತದೆ.

ರಸಿಕರ ಕೋಪ ತಿದ್ದುಪಡಿಗಿಂತ ಹೆಚ್ಚಾಗಿ ಮೂಲದ ತಿರೋಧಾನದ ಮೇಲಿತ್ತು. ಹಳೆಯ ನೆಗೆಟಿವನ್ನು ದುರಸ್ತಿಗೊಳಿಸುವಾಗಲೇ ಹೊಸ ದೃಶ್ಯಗಳನ್ನು ಅದರಲ್ಲಿ ಸೇರಿಸಿದುದರಿಂದ, ಲ್ಯೂಕಾಸರ ದೃಷ್ಟಿಯಲ್ಲಿ ಮೊದಲ ರೂಪವೆಂಬುದು ಅಪೂರ್ಣವಾದ ಕರಡು ಮಾತ್ರವಾಗಿಬಿಟ್ಟಿತು. 2006ರಲ್ಲಿ ಮೂಲರೂಪವನ್ನು ಡಿವಿಡಿಯ ಅನುಬಂಧವಾಗಿ ಕೊಟ್ಟರಾದರೂ, ಅದನ್ನು ಒಳ್ಳೆಯ ಪ್ರತಿಯಿಂದ ಹೊಸದಾಗಿ ತೆಗೆಯದೆ 1993ರ ಲೇಸರ್ ಡಿಸ್ಕಿಗಾಗಿ ಮಾಡಿದ್ದ ಹಳೆಯ ಪ್ರತಿಯಿಂದ ತೆಗೆದಿದ್ದರು. ಕೊನೆಗೆ ಅಭಿಮಾನಿಗಳೇ ಈ ಕೆಲಸಕ್ಕೆ ಇಳಿದರು. ಚಿತ್ರಮಂದಿರಗಳಲ್ಲಿ ಓಡಿದ್ದ ಹಳೆಯ ಪ್ರಿಂಟುಗಳನ್ನು ಹುಡುಕಿ ತೆಗೆದು, ಒಂದೊಂದೇ ಚೌಕಟ್ಟನ್ನು ಸ್ಕ್ಯಾನ್ ಮಾಡಿ, ಧೂಳು ಗೀರು ನಿವಾರಿಸಿ, 1977ರ ರೂಪವನ್ನು ತಾವಾಗಿ ಕಟ್ಟಿಕೊಂಡರು. ಕಾನೂನಿನ ಕಣ್ಣಿನಲ್ಲಿ ಅದು ಅನಧಿಕೃತ ಕಾರ್ಯ. ಆದರೂ ಆ ಶ್ರಮದ ಹಿಂದಿದ್ದ ಶ್ರದ್ಧೆಯನ್ನು ಲಘುವಾಗಿ ಕಾಣಲಾಗದು. 2025ರ ಜೂನ್ ತಿಂಗಳಲ್ಲಿ ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ತನ್ನ ಭಂಡಾರದಲ್ಲಿ ಕಾಪಿಟ್ಟಿದ್ದ, ಬಣ್ಣ ಮಾಸದ ಟೆಕ್ನಿಕಲರ್ ವಿಧಾನದ, 1977ರ ಪ್ರಿಂಟೊಂದನ್ನು ಉತ್ಸವದಲ್ಲಿ ಪ್ರದರ್ಶಿಸಿದಾಗ, ಒಂದು ಪೀಳಿಗೆಯ ಪ್ರೇಕ್ಷಕರು ತಾವು ಹುಟ್ಟುವ ಮೊದಲಿನ ಚಿತ್ರವನ್ನು ಹುಟ್ಟಿದ ರೂಪದಲ್ಲಿಯೇ ನೋಡುವಂತಾಯಿತು.

ಈ ಲ್ಯೂಕಾಸರೇ 1988ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ನಿಂತು, ಹಳೆಯ ಚಿತ್ರಗಳನ್ನು ವಿಕಾರಗೊಳಿಸುವುದರ ವಿರುದ್ಧ ಸಾಕ್ಷ್ಯ ನುಡಿದಿದ್ದರೆಂಬುದನ್ನು ಇಲ್ಲಿ ಹೇಳಲೇಬೇಕು. ಆಗ ಅಮೆರಿಕದಲ್ಲಿ ಕಪ್ಪು-ಬಿಳುಪಿನ ಹಳೆಯ ಚಿತ್ರಗಳಿಗೆ ಗಣಕಯಂತ್ರದಿಂದ ಬಣ್ಣ ಹಚ್ಚಿ ದೂರದರ್ಶನದಲ್ಲಿ ತೋರಿಸುವ ವ್ಯಾಪಾರ ಭರದಿಂದ ಸಾಗಿತ್ತು. ಕಲಾಕೃತಿ ಕೊನೆಯಲ್ಲಿ ಜನತೆಯ ಸಾಂಸ್ಕೃತಿಕ ಆಸ್ತಿ. ಮುಂದೆ ಯಂತ್ರಗಳು ಇನ್ನಷ್ಟು ಬಲಗೊಂಡಾಗ ಮೂಲ ನೆಗೆಟಿವುಗಳು ಕಳೆದುಹೋಗಿ, ತಿದ್ದಿದ ನೆಗೆಟಿವುಗಳೇ ಅವುಗಳ ಸ್ಥಾನದಲ್ಲಿ ಕೂರುವ ಕಾಲ ಬರುತ್ತದೆ. ಅದು ಸಮಾಜಕ್ಕೆ ಮಹಾ ನಷ್ಟ ಎಂಬ ಆಶಯದ ಮಾತುಗಳನ್ನು ಅವರು ಅಂದು ಆಡಿದರು. ಬೇರೆಯವರು ತಿದ್ದುವುದನ್ನು ಖಂಡಿಸಿದವರು ತಾವೇ ತಿದ್ದಿದರಲ್ಲವೆ ಎಂದು ಟೀಕಾಕಾರರು ಕೇಳುತ್ತಾರೆ. ತಿದ್ದಿದವನು ಕರ್ತೃವೇ ಆಗಿರುವುದರಿಂದ ವಿರೋಧವಿಲ್ಲವೆಂದು ಅವರ ಪಕ್ಷದವರು ಉತ್ತರಿಸುತ್ತಾರೆ. ನನ್ನ ಮಟ್ಟಿಗೆ 1988ರ ಸಾಕ್ಷ್ಯವೇ ಸತ್ಯಕ್ಕೆ ಸಮೀಪವಾದದ್ದು. ಅಂದು ನುಡಿದವರು ಮುಂದೆ ಏನು ಮಾಡಿದರೆಂಬುದರಿಂದ ಆ ನುಡಿಯ ಬೆಲೆ ಕಡಿಮೆಯಾಗುವುದಿಲ್ಲ.

ಇನ್ನು ನಮ್ಮ ನಾಡಿಗೆ ಬರೋಣ. ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿ 1965ರಲ್ಲಿ ತೆರೆಕಂಡ ‘ಸತ್ಯ ಹರಿಶ್ಚಂದ್ರ’ವನ್ನು ನೋಡದ, ಕನಿಷ್ಠಪಕ್ಷ ಅದರ ಹಾಡನ್ನು ಕೇಳದ ಕನ್ನಡಿಗರು ವಿರಳ. ರಾಜಕುಮಾರ್ ಹರಿಶ್ಚಂದ್ರನಾಗಿ, ಪಂಢರೀಬಾಯಿ ಚಂದ್ರಮತಿಯಾಗಿ, ಉದಯಕುಮಾರ್ ವಿಶ್ವಾಮಿತ್ರನಾಗಿ, ನರಸಿಂಹರಾಜು ನಕ್ಷತ್ರಿಕನಾಗಿ, ಎಂ. ಪಿ. ಶಂಕರ್ ವೀರಬಾಹುವಾಗಿ ಅಭಿನಯಿಸಿದ ಆ ಕಪ್ಪು-ಬಿಳುಪಿನ ಚಿತ್ರ 2008ರ ಏಪ್ರಿಲ್ ತಿಂಗಳಲ್ಲಿ ಬಣ್ಣ ತೊಟ್ಟು ಮರಳಿತು. ಹಿಂದಿಯ ‘ಮೊಘಲ್-ಎ-ಆಜಮ್’ 2004ರಲ್ಲಿಯೂ ‘ನಯಾ ದೌರ್’ 2007ರಲ್ಲಿಯೂ ಹೀಗೆಯೇ ವರ್ಣಮಯವಾಗಿ ಬಂದಿದ್ದವು. ದಕ್ಷಿಣ ಭಾರತದಲ್ಲಿ ಈ ಭಾಗ್ಯ ಮೊದಲು ದೊರೆತದ್ದು ನಮ್ಮ ಹರಿಶ್ಚಂದ್ರನಿಗೆ. ಜನ ಅದನ್ನು ಆದರದಿಂದ ಬರಮಾಡಿಕೊಂಡರು. ಆ ಯಶಸ್ಸಿನ ಬೆನ್ನಲ್ಲಿ, ದೊರೈ-ಭಗವಾನ್ ಜೋಡಿ ನಿರ್ದೇಶಿಸಿ ಕೆ. ಸಿ. ಎನ್. ಗೌಡರು ನಿರ್ಮಿಸಿದ್ದ 1971ರ ‘ಕಸ್ತೂರಿ ನಿವಾಸ’ 2014ರ ನವೆಂಬರಿನಲ್ಲಿ ವರ್ಣರೂಪದಲ್ಲಿ ಬಿಡುಗಡೆಯಾಯಿತು.

ಬಣ್ಣ ಹಚ್ಚುವ ಕೆಲಸದ ಸ್ವರೂಪವನ್ನು ಸ್ವಲ್ಪ ತಿಳಿದರೆ ವಾದಗಳ ಮರ್ಮ ತಿಳಿಯುತ್ತದೆ. ತೆರೆಯ ಮೇಲೆ ಒಂದು ಸೆಕೆಂಡಿಗೆ ಇಪ್ಪತ್ತನಾಲ್ಕು ಚೌಕಟ್ಟುಗಳು ಸರಿದುಹೋಗುತ್ತವೆ. ಎರಡೂವರೆ ಗಂಟೆಯ ಚಿತ್ರವೊಂದರಲ್ಲಿ 2,16,000 ಚೌಕಟ್ಟುಗಳಿರುತ್ತವೆ. ಮೊದಲು ಇವಿಷ್ಟನ್ನೂ ಸ್ಕ್ಯಾನ್ ಮಾಡಿ ಗೀರು, ಕಲೆ, ಅದುರುಗಳನ್ನು ತೆಗೆಯಬೇಕು. ತರುವಾಯ ಒಂದೊಂದು ದೃಶ್ಯದಲ್ಲಿಯೂ ಮುಖ, ಸೀರೆ, ಗೋಡೆ, ಮರ, ಆಕಾಶಗಳ ಎಲ್ಲೆಗಳನ್ನು ಗುರುತಿಸಿ, ಯಾವುದಕ್ಕೆ ಯಾವ ಬಣ್ಣವೆಂದು ನಿರ್ಣಯಿಸಿ, ಪಾತ್ರ ಚಲಿಸಿದಂತೆ ಬಣ್ಣವೂ ಜೊತೆಯಲ್ಲಿ ಚಲಿಸುವಂತೆ ನೋಡಿಕೊಳ್ಳಬೇಕು. ನಿರ್ಣಯವೆಂಬ ಈ ಮಾತಿನಲ್ಲಿಯೇ ತೊಡಕಿರುವುದು. ಕಪ್ಪು-ಬಿಳುಪಿನ ಕಾಲದ ಛಾಯಾಗ್ರಾಹಕರೂ ವಸ್ತ್ರವಿನ್ಯಾಸಕರೂ ಬಟ್ಟೆಯ ಬಣ್ಣ ಕಣ್ಣಿಗೆ ಹೇಗಿದೆಯೆಂಬುದನ್ನು ನೋಡುತ್ತಿರಲಿಲ್ಲ. ಕ್ಯಾಮೆರಾದಲ್ಲಿ ಅದು ಬೂದಿನ ಯಾವ ಛಾಯೆಯಾಗಿ ಮೂಡುತ್ತದೆಂಬುದನ್ನು ನೋಡುತ್ತಿದ್ದರು. ಆ ಬಟ್ಟೆಗೆ ಇಂದು ಬಣ್ಣ ಹಚ್ಚುವವನು ಸತ್ಯವನ್ನು ಮರಳಿ ಪಡೆಯುತ್ತಿಲ್ಲ, ಹೊಸದಾಗಿ ಊಹಿಸುತ್ತಿದ್ದಾನೆ. ಅದರ ಮೇಲೆ, ಹೆಚ್ಚು ಚೌಕವಾಗಿರುವ ಹಳೆಯ ಚಿತ್ರವನ್ನು ಇಂದಿನ ಅಗಲವಾದ ಪರದೆಯನ್ನು ತುಂಬುವಂತೆ ಹೊಂದಿಸುವಾಗ ಮೇಲುಗಡೆಯಲ್ಲಿಯೋ ಕೆಳಗಡೆಯಲ್ಲಿಯೋ ಒಂದಿಷ್ಟನ್ನು ಕತ್ತರಿಸದೆ ಗತಿಯಿಲ್ಲ. ಛಾಯಾಗ್ರಾಹಕ ಅಳೆದು ಬಿಟ್ಟಿದ್ದ ಅವಕಾಶ ಅದರಲ್ಲಿ ಹೋಗುತ್ತದೆ.

ಬಣ್ಣದ ಪಕ್ಷದವರ ಮಾತನ್ನು ತಳ್ಳಿಹಾಕುವಂತಿಲ್ಲ. ಬಣ್ಣದ ತೆರೆಯ ಮುಂದೆಯೇ ಕಣ್ಣು ಬಿಟ್ಟ ಮಕ್ಕಳು ಕಪ್ಪು-ಬಿಳುಪಿನ ಚಿತ್ರ ಬಂದೊಡನೆ ಎದ್ದುಹೋಗುತ್ತಾರೆ. ಬಣ್ಣ ಹಚ್ಚಿದ ಒಂದು ನೆಪದಿಂದ ಅವರು ಹರಿಶ್ಚಂದ್ರನ ಕಥೆಯನ್ನು ಕೊನೆಯವರೆಗೂ ನೋಡಿದರೆ ಅದು ಲಾಭವೇ ಅಲ್ಲವೆ? ಆ ನೆಪದಿಂದಲೇ ಹಳೆಯ ನೆಗೆಟಿವು ಪೆಟ್ಟಿಗೆಯಿಂದ ಹೊರಬಂದು, ಶುದ್ಧಗೊಂಡು, ಚಿತ್ರಮಂದಿರದ ದೊಡ್ಡ ಪರದೆಯ ಮೇಲೆ ಅಜ್ಜನೂ ಮೊಮ್ಮಗನೂ ಒಟ್ಟಿಗೆ ಕುಳಿತು ನೋಡುವಂತಾಯಿತು. ಅಂದಿನ ನಿರ್ಮಾಪಕರು ಕಪ್ಪು-ಬಿಳುಪನ್ನು ಆರಿಸಿಕೊಂಡದ್ದು ಬಹುಪಾಲು ಹಣದ ಅಭಾವದಿಂದ, ಕಲೆಯ ಹಟದಿಂದಲ್ಲ ಎಂದೂ ಅವರು ಹೇಳುತ್ತಾರೆ, ಅದೂ ನಿಜ.

ಆದರೆ ಅಭಾವದಿಂದ ಒದಗಿದ ಮಾಧ್ಯಮವನ್ನೇ ಪ್ರತಿಭಾವಂತರು ಕಲೆಯನ್ನಾಗಿ ಪರಿವರ್ತಿಸಿದರೆಂಬ ಸಂಗತಿ ಈ ವಾದದಲ್ಲಿ ಮರೆಯಾಗುತ್ತದೆ. ‘ಕಸ್ತೂರಿ ನಿವಾಸ’ದ ರವಿವರ್ಮ ಬೆಂಕಿಪೊಟ್ಟಣದ ಕಾರ್ಖಾನೆಯ ಒಡೆಯ, ಕೊಡುವುದನ್ನಲ್ಲದೆ ಬೇರೊಂದನ್ನು ಅರಿಯದವನು, ಸಂಪತ್ತು ಕೈಬಿಟ್ಟು ಹೋದ ಮೇಲೆ, ಅವನ ಪ್ರೀತಿಯ ಪಾರಿವಾಳವನ್ನು ಕಾಯಿಲೆಯ ಮಗುವಿಗಾಗಿ ಬೇಡಲು ಒಬ್ಬರು ಮನೆಗೆ ಬಂದಾಗ, ಬಂದವರಿಗೆ ಉಣಬಡಿಸಲು ಮನೆಯಲ್ಲಿ ಬೇರೇನೂ ಇಲ್ಲದೆ ಆ ಪಾರಿವಾಳವನ್ನೇ ಮಾರಿಬಿಟ್ಟಿರುತ್ತಾನೆ. ಕೊಡಲಾಗದೆ ಹೋದ ಆ ಒಂದು ಸಂಕಟ ಅವನ ಪ್ರಾಣವನ್ನೇ ತೆಗೆದುಕೊಳ್ಳುತ್ತದೆ. ಈ ದೃಶ್ಯವನ್ನು ಕಪ್ಪು-ಬಿಳುಪಿನಲ್ಲಿ ಕಂಡವರಿಗೆ ಬರಿದಾದ ಮನೆ, ಬೆಳಕು ಬತ್ತಿದ ಮುಖ ಇವೇ ಕಣ್ಣಿಗೆ ಕಟ್ಟುತ್ತವೆ. ನೋಟ ಮುಖವನ್ನು ಬಿಟ್ಟು ಅತ್ತಿತ್ತ ಸರಿಯುವುದಿಲ್ಲ. ಬಣ್ಣದಲ್ಲಿ ಪರದೆಯ ಹಸಿರೂ ಗೋಡೆಯ ನೀಲಿಯೂ ತಮ್ಮ ಪಾಲಿನ ಗಮನವನ್ನು ಕೇಳುತ್ತವೆ. ಹರಿಶ್ಚಂದ್ರನ ಶ್ಮಶಾನದ ಇರುಳೂ ಹಾಗೆಯೇ: ಚಿತೆಯ ಬೆಂಕಿ ಕೆಂಪಾಗಿ ಕಾಣದಿದ್ದುದರಿಂದಲೇ ಸುತ್ತಲಿನ ಕತ್ತಲೆ ಅಷ್ಟು ಗಾಢವಾಗಿತ್ತು.

ಹರಿಶ್ಚಂದ್ರನ ಕಥೆಯೇ ತಿದ್ದುಪಡಿಗಳಿಂದ ಬೆಳೆದದ್ದೆಂದು ಬಲ್ಲವರು ಇಲ್ಲಿ ಆಕ್ಷೇಪಿಸಬಹುದು. ಅದು ಯೋಗ್ಯವಾದ ಆಕ್ಷೇಪ. ಐತರೇಯ ಬ್ರಾಹ್ಮಣದ ಶುನಃಶೇಪೋಪಾಖ್ಯಾನದಲ್ಲಿ ಬರುವ ಹರಿಶ್ಚಂದ್ರ ವರುಣನಿಗೆ ಮಗನನ್ನು ಕೊಡುವೆನೆಂದು ಮಾತುಕೊಟ್ಟು, ನಾಳೆ ನಾಡಿದ್ದೆಂದು ಮುಂದೂಡುತ್ತ ಹೋದವನು. ಅವನೇ ಪುರಾಣಗಳ ದಾರಿಯಲ್ಲಿ ಸಾಗಿ ಬಂದು, ಹದಿಮೂರನೆಯ ಶತಮಾನದ ರಾಘವಾಂಕನ ಕಾವ್ಯದಲ್ಲಿ ಪ್ರಾಣ ಹೋದರೂ ಸತ್ಯ ಬಿಡದವನಾದ. ನಮ್ಮ ಕರಾವಳಿಯ ಯಕ್ಷಗಾನದಾಟದ ಮೇಳಗಳಂತೂ ಪ್ರತಿರಾತ್ರಿಯೂ ಪ್ರಸಂಗವನ್ನು ಹೊಸದಾಗಿ ಕಟ್ಟುತ್ತವೆ. ಭಾಗವತರು ಹಾಡುವ ಪದ್ಯ ಪ್ರಸಂಗಪುಸ್ತಕದಲ್ಲಿರುವುದೇ ಆದರೂ ವೇಷಧಾರಿ ಅದಕ್ಕೆ ಹೇಳುವ ಅರ್ಥ ಇಂದಿನದು ನಾಳೆ ಇರುವುದಿಲ್ಲ. ಅಂಕೋಲೆಯ ಗದ್ದೆಬಯಲಿನಲ್ಲಿ ಬೆಳಗಿನವರೆಗೆ ಆಟ ನೋಡಿದವರು ವೇಷಧಾರಿ ಚಿಟ್ಟಾಣಿಯವರ ಭಸ್ಮಾಸುರ ಹೆಚ್ಚೋ ಹಿಂದಿನವರ ನಡೆ ಹೆಚ್ಚೋ ಎಂದು ಚಾದಂಗಡಿಯಲ್ಲಿ ವಾದಿಸುತ್ತಾರೆಯೇ ಹೊರತು, ಆಟವನ್ನು ಬದಲಿಸಿದರೆಂದು ದೂರುವುದಿಲ್ಲ. ಬದಲಾವಣೆಯೇ ಪರಂಪರೆಯಾಗಿರುವ ನಾಡಿನಲ್ಲಿ ಬಣ್ಣ ಹಚ್ಚಿದರೆ ತಪ್ಪೇನು?

ಈ ಪ್ರಶ್ನೆಗೆ ಉತ್ತರವೂ ಅಂಕೋಲೆಯಲ್ಲಿಯೇ ದೊರೆಯುತ್ತದೆ. ಬಡಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಒಕ್ಕಲಿಗರ ಹಾಡುಗಳ ಭಂಡಾರವಾಗಿದ್ದರು. 2017ರಲ್ಲಿ ಪದ್ಮಶ್ರೀ ಗೌರವ ಪಡೆದು 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಬಾಯಿಂದ ಬಾಯಿಗೆ ಬಂದ ಹಾಡಿಗೆ ಮೂಲಪ್ರತಿಯೆಂಬುದಿಲ್ಲ. ತಾಯಿ ಹಾಡಿದಂತೆ ಮಗಳು ಹಾಡುವುದಿಲ್ಲ, ಮಗಳು ಮದುವೆಮನೆಯಲ್ಲಿ ಹಾಡಿದಂತೆ ಗದ್ದೆಯಲ್ಲಿ ಹಾಡುವುದಿಲ್ಲ. ಆದರೆ ಕಾರವಾರದ ಆಕಾಶವಾಣಿ ಕೇಂದ್ರ ಅವರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡ ಗಳಿಗೆಯಿಂದ ಆ ಮುದ್ರಿಕೆಗಳು ಬೇರೆಯದೇ ಜಾತಿಯ ವಸ್ತುಗಳಾದವು. ಆ ಮುದ್ರಿಕೆಯಲ್ಲಿರುವುದು ಹಾಲಕ್ಕಿ ಹಾಡಿನ ಒಂದು ಪಾಠವಷ್ಟೇ ಅಲ್ಲ, ಒಬ್ಬ ಹೆಣ್ಣುಮಗಳ ಉಸಿರು, ಆ ದಿನದ ಆ ಕಂಠ. ನಾಳೆ ಯಾರಾದರೂ ಅದಕ್ಕೆ ವಾದ್ಯಗೋಷ್ಠಿಯನ್ನು ಸೇರಿಸಿ ಹೊರತಂದರೆ ಸಂತೋಷದಿಂದ ಕೇಳೋಣ. ಆದರೆ ಆ ಮುದ್ರಿಕೆಯ ಮೇಲೆಯೇ ವಾದ್ಯವನ್ನು ಮುದ್ರಿಸಿ, ಬರಿಯ ಕಂಠವನ್ನು ಅಳಿಸಿಬಿಟ್ಟರೆ ಹಾಲಕ್ಕಿಗಳು ಸುಮ್ಮನಿರಲಾರರು, ಇರಲೂಬಾರದು. ಚಲನಚಿತ್ರವೂ ಈ ಜಾತಿಯದೇ. ಹರಿಶ್ಚಂದ್ರನ ಕಥೆಯನ್ನು ಸಾವಿರ ಮಂದಿ ಸಾವಿರ ರೀತಿಯಲ್ಲಿ ಹೇಳಲಿ. 1965ರ ‘ಸತ್ಯ ಹರಿಶ್ಚಂದ್ರ’ವೆಂಬುದು ಕಥೆಯಲ್ಲ, ಕೆಲವು ನಟರೂ ತಂತ್ರಜ್ಞರೂ ಒಂದು ಕಾಲದಲ್ಲಿ ಒಂದು ಬೆಳಕಿನಲ್ಲಿ ನಿಂತು ಮಾಡಿದ ಕೃತ್ಯದ ದಾಖಲೆ. ರಾಘವಾಂಕ ಹಿಂದಿನ ಕಾವ್ಯಗಳನ್ನು ಅಳಿಸಿ ತನ್ನ ಕಾವ್ಯವನ್ನು ಬರೆಯಲಿಲ್ಲವೆಂಬುದನ್ನೂ ಮರೆಯಬಾರದು.

ಮೊದಲು ತೆರೆಗೆ ಬಂದ ರೂಪವೇ ಯಾವಾಗಲೂ ಶ್ರೇಷ್ಠವೆಂದು ನಾನು ಹೇಳುತ್ತಿಲ್ಲ. 1982ರ ‘ಬ್ಲೇಡ್ ರನ್ನರ್’ ಎಂಬ ವೈಜ್ಞಾನಿಕ ಕಥಾಚಿತ್ರಕ್ಕೆ, ಪರೀಕ್ಷಾಪ್ರದರ್ಶನದ ಪ್ರೇಕ್ಷಕರು ಗೊಂದಲಗೊಂಡರೆಂದು, ನಾಯಕನ ಬಾಯಿಂದ ವಿವರಣೆಯನ್ನು ಹೇಳಿಸಿ, ಕೊನೆಯಲ್ಲಿ ಸುಖಾಂತ್ಯವನ್ನು ಅಂಟಿಸಲಾಗಿತ್ತು. ಆ ಸುಖಾಂತ್ಯದ ಪರ್ವತದೃಶ್ಯಗಳು ಸ್ಟ್ಯಾನ್ಲಿ ಕ್ಯೂಬ್ರಿಕ್‌ರ ‘ದಿ ಶೈನಿಂಗ್’ ಚಿತ್ರಕ್ಕಾಗಿ ತೆಗೆದು ಮಿಕ್ಕಿದ್ದವು. ನಿರ್ದೇಶಕ ರಿಡ್ಲಿ ಸ್ಕಾಟ್ 2007ರಲ್ಲಿ ತಮ್ಮ ಮನಸ್ಸಿನಂತೆ ಸಿದ್ಧಪಡಿಸಿದ ಅಂತಿಮರೂಪವನ್ನು ರಸಿಕರು ಒಪ್ಪಿದರು. ಅದರ ಜೊತೆಯಲ್ಲಿ ಹಿಂದಿನ ರೂಪಗಳೂ ದೊರೆಯುವಂತೆ ಮಾಡಿದ್ದರಿಂದ ಅಲ್ಲಿ ಕಲಹವೇ ಹುಟ್ಟಲಿಲ್ಲ. ಫ್ರಿಟ್ಸ್ ಲಾಂಗರ 1927ರ ‘ಮೆಟ್ರೊಪೊಲಿಸ್’ ಬಿಡುಗಡೆಯಾದ ಕೆಲವೇ ತಿಂಗಳುಗಳಲ್ಲಿ ಕತ್ತರಿಗೆ ತುತ್ತಾಗಿ, ತುಂಡಾದ ರೂಪದಲ್ಲಿಯೇ ಎಂಬತ್ತು ವರ್ಷ ಬದುಕಿತು. 2008ರಲ್ಲಿ ಬ್ಯೂನಸ್ ಐರಿಸ್ಸಿನ ವಸ್ತುಸಂಗ್ರಹಾಲಯವೊಂದರಲ್ಲಿ ದೊರೆತ ಗೀರುಬಿದ್ದ ಪ್ರತಿಯಿಂದ ಕಳೆದುಹೋದ ಭಾಗಗಳಲ್ಲಿ ಹೆಚ್ಚಿನವು ಮರಳಿದವು. ಗೀರುಗಳನ್ನು ಪೂರ್ತಿ ತೆಗೆಯಲಾಗಲಿಲ್ಲ. ನೋಡುವವರಿಗೆ ಯಾವ ಭಾಗ ಎಲ್ಲಿಂದ ಬಂದಿತೆಂಬುದು ಆ ಗೀರುಗಳಿಂದಲೇ ತಿಳಿಯುತ್ತದೆ.

ತಿದ್ದುವುದಕ್ಕೂ ಜೀರ್ಣೋದ್ಧಾರಕ್ಕೂ ಇರುವ ಅಂತರಕ್ಕೆ ಅತ್ಯುತ್ತಮ ನಿದರ್ಶನ ಕನ್ನಡದಲ್ಲಿಯೇ ಇದೆ. ಅನಂತಮೂರ್ತಿಯವರ ಕಥೆಯನ್ನಾಧರಿಸಿ ಗಿರೀಶ ಕಾಸರವಳ್ಳಿಯವರು 1977ರಲ್ಲಿ, ‘ಸ್ಟಾರ್ ವಾರ್ಸ್’ ಬಂದ ವರ್ಷವೇ, ನಿರ್ದೇಶಿಸಿದ ‘ಘಟಶ್ರಾದ್ಧ’ಕ್ಕೆ ಸ್ವರ್ಣಕಮಲ ಬಂದಿತ್ತು. ಎಸ್. ರಾಮಚಂದ್ರ ಅವರ ಕಪ್ಪು-ಬಿಳುಪಿನ ಛಾಯಾಗ್ರಹಣ ಅದರ ಜೀವಾಳ. ಫಿಲ್ಮ್ ಹೆರಿಟೇಜ್ ಫೌಂಡೇಶನ್ನೂ ಮಾರ್ಟಿನ್ ಸ್ಕಾರ್ಸೀಸಿ ಅವರ ಫಿಲ್ಮ್ ಫೌಂಡೇಶನ್ನೂ ಕೂಡಿಕೊಂಡು, ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಕಾಪಾಡಿದ್ದ ಮೂಲ ನೆಗೆಟಿವನ್ನು ಇಟಲಿಯ ಬೊಲೊನ್ಯಾದ ಪ್ರಯೋಗಾಲಯದಲ್ಲಿ ಜೀರ್ಣೋದ್ಧಾರಗೊಳಿಸಿದುವು. ಕಾಸರವಳ್ಳಿಯವರೂ ಈ ಕಾರ್ಯದಲ್ಲಿ ಜೊತೆಗಿದ್ದರು. 2024ರ ವೆನಿಸ್ ಚಲನಚಿತ್ರೋತ್ಸವದ ಶ್ರೇಷ್ಠ ಹಳೆಯ ಚಿತ್ರಗಳ ವಿಭಾಗದಲ್ಲಿ ಅದು ಪ್ರದರ್ಶಿತವಾಯಿತು. ಬಣ್ಣ ಹಚ್ಚಲಿಲ್ಲ, ದೃಶ್ಯ ಸೇರಿಸಲಿಲ್ಲ, ಚೌಕಟ್ಟನ್ನು ಅಗಲಗೊಳಿಸಲಿಲ್ಲ. ಕಾಲ ಮೆತ್ತಿದ ಮಲಿನವನ್ನು ತೊಳೆದರು, ಅಷ್ಟೆ. ಈ ಕಾರ್ಯಕ್ಕೆ ಧನಸಹಾಯ ನೀಡಿದ ಸಂಸ್ಥೆ ಹಾಬ್ಸನ್/ಲ್ಯೂಕಾಸ್ ಕುಟುಂಬದ ಪ್ರತಿಷ್ಠಾನ. ಮೆಲಡಿ ಹಾಬ್ಸನ್ ಅವರೂ ಅವರ ಪತಿ ಜಾರ್ಜ್ ಲ್ಯೂಕಾಸರೂ ನಡೆಸುವ ಪ್ರತಿಷ್ಠಾನ. ‘ಸ್ಟಾರ್ ವಾರ್ಸ್’ ಕುರಿತು ಅವರ ಮೇಲೆ ಮುನಿದವರು ಈ ಉಪಕಾರವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕನ್ನಡಿಗರಂತೂ ಅವರಿಗೆ ಋಣಿಗಳು.

ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ನಿರ್ಮಾಪಕರು ಬಣ್ಣ ಹಚ್ಚಲಿ, ಮಕ್ಕಳು ನೋಡಿ ನಲಿಯಲಿ. ಆದರೆ ಬಣ್ಣದ ಪ್ರತಿಯ ಆರಂಭದಲ್ಲಿ ಇದು ಇಂಥ ವರ್ಷ ಬಣ್ಣ ಹಚ್ಚಿದ ರೂಪ, ಮೂಲ ಇಂಥ ವರ್ಷದ ಕಪ್ಪು-ಬಿಳುಪಿನ ಚಿತ್ರವೆಂದು ಸ್ಪಷ್ಟವಾಗಿ ಬರೆಯಬೇಕು. ಅದೇ ಶುದ್ಧಗೊಳಿಸಿದ ಚೌಕಟ್ಟುಗಳಿಂದ ಕಪ್ಪು-ಬಿಳುಪಿನ ಪ್ರತಿಯನ್ನೂ ಸಿದ್ಧಪಡಿಸಿ ಜನರಿಗೆ ದೊರಕಿಸಬೇಕು. ಚೌಕಟ್ಟುಗಳನ್ನು ಹೇಗೂ ತೊಳೆದಾಗಿರುವುದರಿಂದ ಇದಕ್ಕೆ ಆಗುವ ಹೆಚ್ಚಿನ ವೆಚ್ಚ ಅಲ್ಪ. ಸರ್ಕಾರ ಚಲನಚಿತ್ರಗಳಿಗೆ ಕೊಡುವ ನೆರವಿನಲ್ಲಿ ಈ ನಿಬಂಧನೆಯನ್ನು ಸೇರಿಸಿದರೆ ಯಾರಿಗೂ ನಷ್ಟವಿಲ್ಲ.

ಕನ್ನಡದ ಮೊದಲ ಮಾತಿನ ಚಿತ್ರ, 1934ರ ‘ಸತಿ ಸುಲೋಚನ’, ಯಾವ ರೂಪದಲ್ಲಿಯೂ ಇಂದು ಲಭ್ಯವಿಲ್ಲ. ಅದಕ್ಕೆ ಬಣ್ಣ ಹಚ್ಚಬೇಕೆ ಬೇಡವೆ ಎಂದು ವಾದಿಸುವ ಭಾಗ್ಯವೂ ನಮಗಿಲ್ಲ. ಕಾರವಾರ, ಅಂಕೋಲೆಗಳ ಉಪ್ಪುಗಾಳಿಯೂ ಆರು ತಿಂಗಳ ತೇವವೂ ಫಿಲ್ಮಿಗೆ ಪರಮವೈರಿಗಳು. ತೇವ ತಾಗಿದ ಹಳೆಯ ಅಸಿಟೇಟ್ ಫಿಲ್ಮು ಕೊಳೆಯತೊಡಗಿದಾಗ ವಿನೆಗರಿನಂಥ ಹುಳಿವಾಸನೆ ಬರುತ್ತದೆ, ತರುವಾಯ ಸುರುಟಿಕೊಂಡು ಬಿರುಕು ಬಿಡುತ್ತದೆ. ಮುಚ್ಚಿಹೋದ ಟಾಕೀಸಿನ ಪ್ರೊಜೆಕ್ಟರ್ ಕೋಣೆಯಲ್ಲಿಯೋ, ಹಿಂದೆ ಚಿತ್ರ ಹಂಚುತ್ತಿದ್ದವರ ಮನೆಯ ಅಟ್ಟದಲ್ಲಿಯೋ ಕನ್ನಡ ಚಿತ್ರವೊಂದರ ರೀಲು ಇರುವುದು ನಿಮಗೆ ತಿಳಿದಿದ್ದರೆ, ಡಬ್ಬಿಯನ್ನು ತಂಪಾದ ಒಣ ಜಾಗಕ್ಕೆ ಸರಿಸಿ, ತಡಮಾಡದೆ ಪುಣೆಯ ಸಂಗ್ರಹಾಲಯಕ್ಕೆ ಬರೆಯಿರಿ.